ತೊಡೆ ಮೂಳೆ ಮುರಿದಾಗ: ರಾಡಾ, ಪ್ಲೇಟಾ, ಸ್ಕ್ರೂನಾ?

"ಮೇಡಂ, ಡಾಕ್ಟ್ರು ರಾಡ್ ಹಾಕ್ತೀವಿ ಅಂತಾರೆ. ನಮ್ಮ ಭಾವ ಪ್ಲೇಟೇ ಗಟ್ಟಿ ಅಂತಾರೆ. ಪಕ್ಕದ ಬೆಡ್ಡಿನವರಿಗೆ ಸಣ್ಣ ತೂತಲ್ಲೇ ಮುಗಿಸಿದ್ರಂತೆ. ನಮ್ಮ ತಮ್ಮನಿಗೂ ಹಂಗೇ ಮಾಡಿ ಅಂತ ಕೇಳಬಹುದಾ?"

ವಾರ್ಡಿನ ಹೊರಗಿನ ಬೆಂಚಿನಲ್ಲಿ ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಒಂದು ಕೈಯಲ್ಲಿ ಎಕ್ಸ್‌ರೇ ಕವರ್, ಇನ್ನೊಂದು ಕೈಯಲ್ಲಿ ಫೋನು. ಫೋನಿನ ಆ ಕಡೆ ಸಲಹೆ ಕೊಡುವ ನೆಂಟರು.

ನಾನು ಸರ್ಜನ್ ಅಲ್ಲ, ಫಿಸಿಯೋಥೆರಪಿಸ್ಟ್. ಆಪರೇಷನ್ ಮಾಡುವವರು ಬೇರೆ, ಆಮೇಲೆ ಆ ಕಾಲನ್ನು ನೆಲಕ್ಕೆ ಊರಿಸುವುದು ನನ್ನ ಕೆಲಸ. ಹಾಗಾಗಿ ಗಾಯ ಎಷ್ಟು ಚಿಕ್ಕದು ಅನ್ನುವುದಕ್ಕಿಂತ, ಆರು ತಿಂಗಳಾದ ಮೇಲೆ ಆ ಕಾಲು ಏನು ಮಾಡುತ್ತದೆ ಅನ್ನುವುದು ನನ್ನ ಕಣ್ಣಿಗೆ ಬೀಳುತ್ತದೆ. ಸಣ್ಣ ಗಾಯದ ಆಪರೇಷನ್ ಒಳ್ಳೆಯದೇ. ಆದರೆ ಆಯ್ಕೆ ಮಾಡುವಾಗ ಕೊನೆಗೆ ನೋಡಬೇಕಾದ್ದನ್ನು ಜನ ಮೊದಲು ನೋಡುತ್ತಾರೆ. ಆ ಸಾಲನ್ನು ಸ್ವಲ್ಪ ತಿರುಗಿಸಿ ಇಡುತ್ತೇನೆ.

ಮೊದಲು ಏನನ್ನು ನೋಡಬೇಕು

ಮುರಿದದ್ದು ಎಲ್ಲಿ? ತೊಡೆ ಮೂಳೆ ಒಂದೇ, ಆದರೆ ಮುರಿದ ಜಾಗದ ಲೆಕ್ಕದಲ್ಲಿ ಮೂರು ಬೇರೆ ಬೇರೆ ತೊಂದರೆ. ಮೇಲೆ, ಸೊಂಟದ ಕೀಲಿನ ಹತ್ತಿರ. ನಡುವೆ, ಉದ್ದನೆಯ ಕೊಳವೆಯಂಥ ಭಾಗದಲ್ಲಿ. ಕೆಳಗೆ, ಮೊಣಕಾಲಿನ ಹತ್ತಿರ. ಒಂದಕ್ಕೆ ಸರಿಯಾದ ದಾರಿ ಇನ್ನೊಂದಕ್ಕೆ ಸರಿಯಲ್ಲ. "ನಮ್ಮ ಮಾವ ರಾಡ್ ಹಾಕಿಸ್ಕೊಂಡು ಮೂರೇ ತಿಂಗಳಿಗೆ ಓಡಾಡಿದ್ರು" ಅಂತ ಯಾರಾದರೂ ಹೇಳಿದರೆ, ಮಾವನಿಗೆ ಎಲ್ಲಿ ಮುರಿದಿತ್ತು ಅಂತ ಮೊದಲು ಕೇಳಿ.

ಎರಡನೆಯದು ವಯಸ್ಸು ಮತ್ತು ಮೂಳೆಯ ಗಟ್ಟಿತನ. ಬೈಕಿನಿಂದ ಬಿದ್ದ 25ರ ಹುಡುಗನ ಮೂಳೆಯೂ ಬಚ್ಚಲಲ್ಲಿ ಜಾರಿದ 78ರ ಅಜ್ಜಿಯ ಮೂಳೆಯೂ ಸ್ಕ್ರೂವನ್ನು ಒಂದೇ ರೀತಿ ಹಿಡಿಯುವುದಿಲ್ಲ.

ಮೂರನೆಯದು, ಕಾಲೂರಲು ಎಷ್ಟು ದಿನ ಕಾಯಬೇಕು. ದಿನಗೂಲಿಯವರಿಗೆ ಇದು ದುಡ್ಡಿನ ಪ್ರಶ್ನೆ. ವಯಸ್ಸಾದವರಿಗೆ ಜೀವದ ಪ್ರಶ್ನೆ.

ನಾಲ್ಕನೆಯದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಮನೆಯಲ್ಲಿ ನೆಲದ ಮೇಲೆ ಕೂರುತ್ತೀರಾ? ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತೀರಾ, ನಾಟಿ ಮಾಡುತ್ತೀರಾ? ಟಾಯ್ಲೆಟ್ ಇಂಡಿಯನ್ನಾ, ವೆಸ್ಟರ್ನಾ? ಮೊಣಕಾಲು 90 ಡಿಗ್ರಿ ಮಡಚಿದರೆ ಕುರ್ಚಿಯಲ್ಲಿ ಕೂರಬಹುದು. ನೆಲದಲ್ಲಿ ಕೂರಲು ಅದು ಸಾಲುವುದಿಲ್ಲ.

ಆಮೇಲೆ ಆಸ್ಪತ್ರೆಯ ಸಲಕರಣೆ, ಡಾಕ್ಟರ ಕೈ, ದುಡ್ಡು. ಗಾಯದ ಉದ್ದ ಎಲ್ಲಕ್ಕಿಂತ ಕೊನೆಗೆ.

ನಡುವಿನ ಭಾಗ ಮುರಿದಿದ್ದರೆ

ಇಲ್ಲಿ ದೊಡ್ಡವರಿಗೆ ಹೆಚ್ಚು ಯೋಚನೆ ಬೇಡ. ಮೂಳೆಯ ಒಳಗೆ ರಾಡ್ ಹಾಕುವುದೇ ಮೊದಲ ಆಯ್ಕೆ. ಡಾಕ್ಟರುಗಳು ಇದನ್ನು ನೇಲ್ ಅನ್ನುತ್ತಾರೆ, ನಮ್ಮ ಕಡೆ ಎಲ್ಲರಿಗೂ ಅದು ರಾಡೇ.

ಮಾಡುವ ಕ್ರಮ ಹೀಗೆ. ರೋಗಿಯನ್ನು ಎಳೆತದ ಟೇಬಲ್ ಮೇಲೆ ಮಲಗಿಸಿ, ಪಾದವನ್ನು ಬೂಟಿನಂಥದ್ದರಲ್ಲಿ ಕಟ್ಟಿ, ಜಗ್ಗಿ ಮೂಳೆಯ ತುಂಡುಗಳನ್ನು ಸಾಲಿಗೆ ತರುತ್ತಾರೆ. ಪಕ್ಕದಲ್ಲಿ ಸಿ-ಆರ್ಮ್ ಇರುತ್ತದೆ. ಅದು ಆಪರೇಷನ್ ನಡೆಯುವಾಗಲೇ ಪರದೆಯ ಮೇಲೆ ಎಕ್ಸ್‌ರೇ ತೋರಿಸುವ ಯಂತ್ರ. ಸೊಂಟದ ಪಕ್ಕದಲ್ಲಿ 3ರಿಂದ 5 ಸೆಂಟಿಮೀಟರ್ ಕೊಯ್ದು, ಮೂಳೆಯ ಮೇಲ್ತುದಿಯಲ್ಲಿ ತೂತು ಮಾಡಿ, ತೆಳ್ಳನೆಯ ತಂತಿ ಇಳಿಸುತ್ತಾರೆ. ಆ ತಂತಿ ಮುರಿದ ಜಾಗ ದಾಟಿ ಕೆಳಗಿನ ತುಂಡಿನ ಕೊಳವೆಯೊಳಗೆ ಹೋಗಬೇಕು. ಕಷ್ಟದ ಗಳಿಗೆ ಅಂದರೆ ಇದೇ. ಅದು ದಾಟಿತು ಅಂದರೆ ಕೊಳವೆಯನ್ನು ಒಳಗಿಂದ ಸ್ವಲ್ಪ ಕೊರೆದು ಅಗಲ ಮಾಡುತ್ತಾರೆ, ತಂತಿಯ ಮೇಲೆಯೇ ರಾಡನ್ನು ಇಳಿಸುತ್ತಾರೆ. ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕಿ ಲಾಕ್ ಮಾಡುತ್ತಾರೆ. ಸ್ಕ್ರೂಗಳಿಗೆ ಒಂದೊಂದು ಸೆಂಟಿಮೀಟರ್ ಗಾಯ ಸಾಕು.

ಮುರಿದ ಜಾಗವನ್ನು ತೆರೆಯುವುದೇ ಇಲ್ಲ, ಗಮನಿಸಿ. ಲಾಭ ಇರುವುದು ಇದರಲ್ಲಿ. ಚರ್ಮ ಚೆಂದ ಕಾಣುತ್ತದೆ ಅನ್ನುವುದು ಸಣ್ಣ ವಿಷಯ. ಮುರಿದಾಗ ಅಲ್ಲಿ ಹೆಪ್ಪುಗಟ್ಟುವ ರಕ್ತವೇ ಹೊಸ ಮೂಳೆ ಹುಟ್ಟುವ ಪಾತಿ. ಮೂಳೆಯ ಮೇಲಿನ ಪೊರೆಯಿಂದ ಅದಕ್ಕೆ ರಕ್ತ ಬರುತ್ತಿರುತ್ತದೆ. ತೆರೆದು ಸರಿಮಾಡುವುದು ಅಂದರೆ, ಸಸಿ ಬೇರು ಬಿಟ್ಟಿದೆಯಾ ಅಂತ ಕಿತ್ತು ನೋಡಿದ ಹಾಗೆ. ಹೀಗೆ ಕೊರೆದು ಲಾಕ್ ಮಾಡಿ ಹಾಕಿದ ರಾಡಿನಲ್ಲಿ 100ಕ್ಕೆ 95ಕ್ಕೂ ಹೆಚ್ಚು ಜನರ ಮೂಳೆ ಕೂಡಿಕೊಳ್ಳುತ್ತದೆ. ಸೋಂಕೂ ಕಡಿಮೆ.

ಇದು ಹೊಸ ವಿದ್ಯೆಯೇನಲ್ಲ. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕ್ಯುಂಚರ್ ಅನ್ನುವ ಸರ್ಜನ್ ಇದನ್ನು ಶುರು ಮಾಡಿದರು. ಅವರು ಕೆಲಸ ಮಾಡುತ್ತಿದ್ದ ಊರಿನ ಹೆಸರು ಕೀಲ್. ಮೂಳೆ ಡಾಕ್ಟರಿಗೆ ಇದಕ್ಕಿಂತ ಒಪ್ಪುವ ಊರು ಸಿಗುತ್ತಿತ್ತಾ! ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಮನೆಗೆ ಮರಳಿದ ಅಮೆರಿಕದ ಸೈನಿಕರ ಎಕ್ಸ್‌ರೇ ತೆಗೆದಾಗ, ತೊಡೆಯೊಳಗೆ ಉದ್ದಕ್ಕೂ ಲೋಹದ ಕೋಲು ಕಂಡು ಅಲ್ಲಿನ ಡಾಕ್ಟರುಗಳು ಬೆರಗಾದರಂತೆ.

ಇನ್ನು ಭಾವನವರ ಪ್ಲೇಟಿನ ವಿಷಯ. ಕೈಯಲ್ಲಿ ಹಿಡಿದರೆ ಪ್ಲೇಟ್ ಗಟ್ಟಿ ಕಾಣುತ್ತದೆ, ನಿಜ. ಆದರೆ ರಾಡ್ ಇರುವುದು ಮೂಳೆಯ ನಟ್ಟನಡುವೆ, ಕಂಬದೊಳಗಿನ ಕಬ್ಬಿಣದ ಸರಳಿನ ಹಾಗೆ. ಮೈಭಾರ ನೇರವಾಗಿ ಇಳಿಯುತ್ತದೆ, ಮೂಳೆಯೂ ರಾಡೂ ಹಂಚಿಕೊಳ್ಳುತ್ತವೆ. ಪ್ಲೇಟ್ ಕಂಬದ ಪಕ್ಕಕ್ಕೆ ಹೊಡೆದ ಪಟ್ಟಿ. ಪ್ರತಿ ಹೆಜ್ಜೆಗೂ ಬಾಗುವ ಒತ್ತಡ ಬೀಳುತ್ತದೆ. ಅದಕ್ಕೇ ರಾಡ್ ಹಾಕಿದವರನ್ನು ಮುರಿತದ ರೀತಿ ನೋಡಿಕೊಂಡು ಎರಡನೇ ಮೂರನೇ ದಿನಕ್ಕೇ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. ಪ್ಲೇಟಿನವರಿಗೆ ವಾರಗಟ್ಟಲೆ ಕಾಲೂರಬೇಡಿ ಅನ್ನುತ್ತೇವೆ. ಉದ್ದಕ್ಕೆ ಕೊಯ್ದು ಪ್ಲೇಟ್ ಹಾಕಿದರೆ ರಕ್ತವೂ ಜಾಸ್ತಿ ಹೋಗುತ್ತದೆ, ತೊಡೆಯ ಸ್ನಾಯು ಮೂಳೆಗೆ ಅಂಟಿಕೊಂಡು ಮೊಣಕಾಲು ಮಡಚುವುದು ಕಷ್ಟವಾಗುತ್ತದೆ. ಮೂಳೆಯ ಕೊಳವೆ ತೀರಾ ಕಿರಿದಾಗಿದ್ದರೆ, ಒಳಗೆ ಹಳೆಯ ಲೋಹ ಇದ್ದರೆ, ಮುರಿತ ತುದಿಗೆ ತೀರಾ ಹತ್ತಿರವಿದ್ದರೆ ಮಾತ್ರ ಪ್ಲೇಟಿನ ಮಾತು ಬರುತ್ತದೆ.

ಕೆಲವು ಸಲ ಎಷ್ಟು ಎಳೆದರೂ ತುಂಡುಗಳು ಸಾಲಿಗೆ ಬರುವುದಿಲ್ಲ. ನಡುವೆ ಸ್ನಾಯು ಸಿಕ್ಕಿಕೊಂಡಿರುತ್ತದೆ. ಆಗ ಮುರಿದ ಜಾಗದಲ್ಲಿ ಸ್ವಲ್ಪ ತೆರೆಯಬೇಕಾಗುತ್ತದೆ. "ಚಿಕ್ಕ ಗಾಯ ಅಂದಿದ್ರು, ಈಗ ನೋಡಿ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಸೊಟ್ಟ ಕೂತ ಮೂಳೆಗಿಂತ ಆ ಐದಾರು ಹೊಲಿಗೆ ಮೇಲು.

ರಾಡನ್ನು ಮೊಣಕಾಲಿನ ಕಡೆಯಿಂದ ಮೇಲಕ್ಕೂ ಹಾಕುತ್ತಾರೆ. ಎರಡೂ ತೊಡೆ ಮುರಿದಿದ್ದರೆ, ಅದೇ ಕಾಲಿನ ಕೆಳಮೂಳೆಯೂ ಮುರಿದಿದ್ದರೆ, ತುಂಬ ದಪ್ಪ ಇರುವವರಿಗೆ, ಗರ್ಭಿಣಿಯರಿಗೆ ಇದು ಅನುಕೂಲ. ಮೇಲಿನಿಂದ ಹಾಕಿದವರಿಗೆ ಸ್ವಲ್ಪ ಕಾಲ ಸೊಂಟದ ಪಕ್ಕ ನೋವು, ನಡೆಯುವಾಗ ಆ ಕಡೆ ವಾಲುವುದು ಇರುತ್ತದೆ. ಕೆಳಗಿನಿಂದ ಹಾಕಿದವರಿಗೆ ಮೊಣಕಾಲು ನೋವು. ಬೇರೆ ಕಾರಣ ಏನೂ ಇಲ್ಲದಿದ್ದರೆ, ನೆಲದ ಮೇಲೆ ಕೂತು ಏಳುವ ಕೆಲಸದವರಿಗೆ ಮೇಲಿನ ದಾರಿಯೇ ವಾಸಿ ಅಂತ ನನಗನ್ನಿಸುತ್ತದೆ. ಮೊಣಕಾಲಿನ ಕೀಲನ್ನು ಸುಮ್ನೆ ಯಾಕೆ ತೆರೆಯಬೇಕು, ಅಲ್ವಾ?

ಚಿಕ್ಕ ಗಾಯದ ದೊಡ್ಡ ಅಪಾಯ

ತೆರೆಯದೆ ಮಾಡುವುದರಲ್ಲಿ ಒಂದು ಕೊರತೆ ಇದೆ. ಮೂಳೆ ಕಣ್ಣಿಗೆ ಕಾಣುವುದಿಲ್ಲ. ಉದ್ದ, ಬಾಗು ಎಲ್ಲ ಪರದೆಯಲ್ಲಿ ಸಿಗುತ್ತದೆ. ತಿರುವು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಕೆಳಗಿನ ತುಂಡು ಸ್ವಲ್ಪ ಹೊರಗೆ ತಿರುಗಿದ ಹಾಗೇ ಲಾಕ್ ಆಗಿಬಿಡಬಹುದು.

ಒಬ್ಬ ಹುಡುಗ, 26 ವಯಸ್ಸು, ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ರಾಡ್ ಹಾಕಿಸಿಕೊಂಡು ಆರು ವಾರಕ್ಕೆ ನನ್ನ ಹತ್ತಿರ ಬಂದ. ಗಾಯ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೊಕ್ಕ. ಮಲಗು ಅಂದೆ. ಬಲ ಮಂಡಿಚಿಪ್ಪು ಸೂರಿನ ಕಡೆ ನೋಡುತ್ತಿತ್ತು, ಎಡದ್ದು ಗೋಡೆಯ ಕಡೆ. ಮಂಡಿ ಮಡಚಿ ತೊಡೆಯನ್ನು ಒಳಗಡೆ ತಿರುಗಿಸಿದೆ. ಬಲಗಾಲು ಸಲೀಸಾಗಿ ತಿರುಗಿತು. ಎಡಗಾಲು ಬಾಗಿಲಿಗೆ ಅಗಳಿ ಹಾಕಿದ ಹಾಗೆ ತಟ್ಟನೆ ನಿಂತಿತು. "ನಡೆಯೋವಾಗ ಚಪ್ಪಲಿ ಹೊರಗಡೆ ಸವೀತಿದೆ ಮೇಡಂ" ಅಂದ. ಅಷ್ಟರಲ್ಲಿ ಮೂಳೆ ಅರ್ಧ ಕೂಡಿತ್ತು. ಇನ್ನೊಂದು ಆಪರೇಷನ್ ಆಯಿತು. ಮೊದಲ ವಾರದಲ್ಲೇ ಕಂಡಿದ್ದರೆ ಕೆಳಗಿನ ಸ್ಕ್ರೂ ತೆಗೆದು, ಕಾಲು ತಿರುಗಿಸಿ, ಮತ್ತೆ ಸ್ಕ್ರೂ ಹಾಕಿದರೆ ಮುಗಿಯುತ್ತಿತ್ತು.

ಆದ್ದರಿಂದ ಆಪರೇಷನ್ನಿಗೆ ಮೊದಲೇ ಕೇಳಿ: "ಸಾರ್, ತಿರುವು ಇನ್ನೊಂದು ಕಾಲಿಗೆ ಹೊಂದಿಸಿ ನೋಡ್ತೀರಲ್ವಾ?" ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಎರಡೂ ಮಂಡಿಚಿಪ್ಪು ಎತ್ತ ನೋಡುತ್ತಿವೆ, ಎರಡೂ ಹಿಮ್ಮಡಿ ಸಮಕ್ಕೆ ಬರುತ್ತವಾ, ನೀವೇ ನೋಡಿ.

ಮೊಣಕಾಲಿನ ಹತ್ತಿರವಾದರೆ

ಇಲ್ಲಿ ಪ್ಲೇಟಿಗೆ ನಿಜವಾದ ಜಾಗ ಇದೆ. ಕೆಳತುದಿಯಲ್ಲಿ ಮೂಳೆ ಅಗಲ, ಒಳಗೆ ಟೊಳ್ಳು. ರಾಡಿಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಮೊಣಕಾಲಿನ ಹೊರಪಕ್ಕದಲ್ಲಿ ಒಂದು ಗಾಯ ಮಾಡಿ, ಅಲ್ಲಿಂದ ಸ್ನಾಯುವಿನ ಅಡಿಯಲ್ಲಿ ಪ್ಲೇಟನ್ನು ಮೇಲಕ್ಕೆ ಜಾರಿಸುತ್ತಾರೆ. ಮೇಲಿನ ಸ್ಕ್ರೂಗಳನ್ನು ಚಿಕ್ಕ ಚಿಕ್ಕ ತೂತುಗಳಲ್ಲಿ ಹಾಕುತ್ತಾರೆ. ಇದನ್ನು ಮಿಪೋ ಅನ್ನುತ್ತಾರೆ. ಸ್ಕ್ರೂ ತಲೆ ಪ್ಲೇಟಿಗೇ ಬಿಗಿಯುವ ಲಾಕಿಂಗ್ ಪ್ಲೇಟ್ ಆದ್ದರಿಂದ ಟೊಳ್ಳು ಮೂಳೆಯಲ್ಲೂ ನಿಲ್ಲುತ್ತದೆ.

ಆದರೆ ಮುರಿತ ಕೀಲಿನೊಳಗೆ ಹೋಗಿದ್ದರೆ ಚಿಕ್ಕ ಗಾಯದ ಹಟ ಬಿಡಿ. ಕೀಲಿನ ಮೇಲ್ಮೈ ಗಾಜಿನಷ್ಟು ನುಣುಪಾಗಿ ಕೂಡಬೇಕು. ಅದಕ್ಕೆ ತೆರೆದು ಕಣ್ಣಿಂದ ನೋಡಿಯೇ ಜೋಡಿಸಬೇಕು. ಅಲ್ಲಿ ಉಳಿದ ಏರುತಗ್ಗು ಮುಂದೆ ಮಂಡಿ ಸವೆತವಾಗಿ ಕಾಡುತ್ತದೆ. ಕಾಲೂರುವುದು ಸಾಮಾನ್ಯವಾಗಿ 6ರಿಂದ 12 ವಾರದ ಮೇಲೆ. ಆದರೆ ಮೊಣಕಾಲು ಮಡಚುವುದನ್ನು ಅಲ್ಲಿಯವರೆಗೆ ಕಾಯಿಸಬೇಡಿ. ಡಾಕ್ಟರು ಹೂಂ ಅಂದ ದಿನವೇ ಶುರು ಮಾಡಿ. ನಾನು ಹಿಮ್ಮಡಿಯ ಕೆಳಗೆ ಟವಲ್ ಇಟ್ಟು ಎಳೆದುಕೊಳ್ಳಲು ಹೇಳುತ್ತೇನೆ. ಮೊದಲ ದಿನ ಎಲ್ಲರೂ ನನ್ನನ್ನು ಬೈಯುತ್ತಾರೆ.

ಸೊಂಟದ ಹತ್ತಿರ, ವಯಸ್ಸಾದವರಲ್ಲಿ

ಬಚ್ಚಲಲ್ಲಿ ಜಾರಿದ್ದು, ರಾತ್ರಿ ಎದ್ದಾಗ ಕಾಲಿಗೆ ಚಾಪೆ ಸಿಕ್ಕಿದ್ದು, ಹೊಸ್ತಿಲು ಎಡವಿದ್ದು. ಕಾಲು ಗಿಡ್ಡವಾಗಿ, ಪಾದ ಹೊರಗೆ ಬಿದ್ದಿರುತ್ತದೆ. ಇಲ್ಲಿ ಯಾವ ಲೋಹ ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು. ಆದಷ್ಟೂ 48 ಗಂಟೆಯೊಳಗೆ ಆಪರೇಷನ್ ಆಗಬೇಕು. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಿಪಿ, ಶುಗರ್, ಹೃದಯದ ತೊಂದರೆ ಹತೋಟಿಗೆ ಬರಲಿ ಅಂತ ಡಾಕ್ಟರು ಒಂದು ದಿನ ಕಾಯಿಸಿದರೆ ಅದು ಬೇರೆ. "ಅಮಾವಾಸ್ಯೆ ಕಳೀಲಿ, ಮಗ ದುಬೈಯಿಂದ ಬರಲಿ" ಅಂತ ಮನೆಯವರು ಕಾಯಿಸುತ್ತಾರಲ್ಲ, ಅದು ಬೇಡ. ಮಗ ಬಂದಾಗ ಅಮ್ಮ ಎದ್ದು ಕೂತಿದ್ದರೆ ಒಳ್ಳೆಯದಲ್ವಾ?

ಈ ಜಾಗದಲ್ಲೂ ಎರಡು ಬಗೆ. ಒಂದು, ಕೀಲಿನ ಚೆಂಡಿಗಿಂತ ಕೆಳಗೆ ದಪ್ಪ ಭಾಗ ಮುರಿದಿರುವುದು. ಇದಕ್ಕೆ ಪಿಎಫ್‌ಎನ್ ಅಥವಾ ಡಿಎಚ್‌ಎಸ್. ಪಿಎಫ್‌ಎನ್ ಅಂದರೆ ಗಿಡ್ಡ ರಾಡ್, ಅದರ ಮೂಲಕ ಚೆಂಡಿನೊಳಗೆ ಹೋಗುವ ದಪ್ಪ ಸ್ಕ್ರೂ. ಎರಡು ಮೂರು ಚಿಕ್ಕ ಗಾಯದಲ್ಲಿ ಮುಗಿಯುತ್ತದೆ. ಡಿಎಚ್‌ಎಸ್ ಅಂದರೆ ಪಕ್ಕದಲ್ಲಿ ಪ್ಲೇಟ್, ಅದರಿಂದ ಚೆಂಡಿಗೆ ಸ್ಕ್ರೂ. ಗಾಯ ಸ್ವಲ್ಪ ಉದ್ದ, ಖರ್ಚು ಸಾಮಾನ್ಯವಾಗಿ ಕಡಿಮೆ. ಎರಡೇ ತುಂಡಾಗಿ, ಒಂದರ ಮೇಲೊಂದು ಗಟ್ಟಿಯಾಗಿ ಕೂರುವ ಮುರಿತಕ್ಕೆ ಡಿಎಚ್‌ಎಸ್ ಏನೂ ಕಮ್ಮಿಯಲ್ಲ. ಬಜೆಟ್ ಬಿಗಿ ಇದ್ದರೆ ಧೈರ್ಯವಾಗಿ ಒಪ್ಪಬಹುದು. ನುಚ್ಚುನೂರಾಗಿದ್ದರೆ, ಹೊರಗೋಡೆ ಒಡೆದಿದ್ದರೆ, ಮುರಿತದ ಗೆರೆ ಉಲ್ಟಾ ಓರೆಯಾಗಿದ್ದರೆ ಪಿಎಫ್‌ಎನ್‌ಗೆ ದುಡ್ಡು ಹಾಕಿ. ಅಲ್ಲಿ ಉಳಿಸಲು ಹೋದರೆ ಎರಡನೇ ಆಪರೇಷನ್ನಿನಲ್ಲಿ ಎರಡರಷ್ಟು ಹೋಗುತ್ತದೆ.

ಇನ್ನೊಂದು, ಚೆಂಡಿನ ಕುತ್ತಿಗೆಯೇ ಮುರಿದಿರುವುದು. ಚೆಂಡಿಗೆ ರಕ್ತ ಹೋಗುವ ದಾರಿ ಈ ಕುತ್ತಿಗೆಯ ಮೇಲೇ ಇದೆ. ಅದು ಕಡಿದರೆ ಚೆಂಡು ಒಣಗುತ್ತದೆ. ವಯಸ್ಸು ಚಿಕ್ಕದಾದರೆ, ಅಥವಾ ಮುರಿದರೂ ಜರುಗಿರದಿದ್ದರೆ, ಚಿಕ್ಕ ತೂತುಗಳಲ್ಲಿ ಮೂರು ಸ್ಕ್ರೂ ಹಾಕಿ ಸ್ವಂತ ಚೆಂಡನ್ನು ಉಳಿಸಲು ನೋಡುತ್ತಾರೆ. ಅಲ್ಲಿ ಆ ಪ್ರಯತ್ನ ಮಾಡಲೇಬೇಕು, ಅದೂ ಬೇಗ. ಆದರೆ 70 ದಾಟಿದವರಲ್ಲಿ ಪೂರ್ತಿ ಜರುಗಿದ್ದರೆ "ದೊಡ್ಡ ಆಪರೇಷನ್ ಯಾಕೆ, ಸ್ಕ್ರೂ ಹಾಕಿಬಿಡಿ" ಅನ್ನಬೇಡಿ. ಆ ಸ್ಕ್ರೂಗಳು ಬಹಳ ಸಲ ಕೈಕೊಡುತ್ತವೆ. ಚೆಂಡನ್ನೇ ಬದಲಿಸುವುದು ಗಾಯದ ಲೆಕ್ಕದಲ್ಲಿ ದೊಡ್ಡದು, ಆದರೆ ಮಾರನೇ ದಿನ ಕಾಲೂರಬಹುದು. ಬದಲಿಸಿದ ಮೇಲೆ ನೆಲದಲ್ಲಿ ಕೂರುವುದು, ಕುಕ್ಕರಗಾಲು ಬಿಡಬೇಕಾಗುತ್ತದೆ. ಮನೆಗೆ ಬರುವಷ್ಟರಲ್ಲಿ ಕಮೋಡ್ ಕುರ್ಚಿ ತಂದಿಟ್ಟಿರಿ.

ಪಿಎಫ್‌ಎನ್ ಹಾಕಿದ ಒಬ್ಬ ಅಜ್ಜಿಯನ್ನು ಎರಡನೇ ದಿನ ನಿಲ್ಲಿಸಿದೆ. ಸೀರೆ ನೆರಿಗೆ ಸರಿಮಾಡಿಕೊಳ್ಳದೆ ಹೆಜ್ಜೆ ಇಡಲ್ಲ ಅಂದರು. ಒಂದು ಕೈ ವಾಕರ್ ಮೇಲೆ, ಇನ್ನೊಂದರಲ್ಲಿ ನೆರಿಗೆ. ಮೂರು ಹೆಜ್ಜೆ ಇಟ್ಟು "ಬಿದ್ದದ್ದೇ ಸುಳ್ಳು ಅನ್ನಿಸ್ತದೆ" ಅಂದರು. ಮೂಳೆ ಸವೆತಕ್ಕೆ ಔಷಧಿ ಬರೆಸಿಕೊಳ್ಳದೆ ಹೊರಟಿದ್ದರು, ಅದನ್ನು ನೆನಪಿಸಿದೆ. ಒಂದು ಸೊಂಟ ಮುರಿದವರಿಗೆ ಇನ್ನೊಂದು ಮುರಿಯುವ ಭಯ ಇದ್ದೇ ಇರುತ್ತದೆ.

ಮಕ್ಕಳಿಗೆ ಬೇರೆಯೇ ಲೆಕ್ಕ

ಐದಾರು ವರ್ಷದೊಳಗಿನ ಮಗುವಿಗೆ ಹೆಚ್ಚಾಗಿ ಆಪರೇಷನ್ನೇ ಬೇಡ. ಸೊಂಟದಿಂದ ಕಾಲಿನವರೆಗೆ ಹಾಕುವ ಸ್ಪೈಕಾ ಪ್ಲಾಸ್ಟರ್ ಸಾಕು. ಎತ್ತಿಕೊಳ್ಳುವುದು, ಕಕ್ಕಸು ಮಾಡಿಸುವುದು ತಾಯಿಗೆ ಹಿಂಸೆ, ಆದರೆ ಕೆಲವೇ ವಾರ. ಆರರಿಂದ ಹನ್ನೊಂದು ವರ್ಷದವರಿಗೆ ಟೆನ್ಸ್ ನೇಲ್. ಬಳುಕುವ ಎರಡು ತೆಳ್ಳನೆಯ ಟೈಟಾನಿಯಂ ಕಡ್ಡಿಗಳನ್ನು ಮೊಣಕಾಲಿನ ಮೇಲೆ ಎರಡೂ ಪಕ್ಕದಿಂದ, ಬೆಳೆಯುವ ತುದಿಯನ್ನು ಮುಟ್ಟದ ಹಾಗೆ ಒಳಗೆ ತೂರಿಸುತ್ತಾರೆ. ಮಗು ದಪ್ಪ ಇದ್ದರೆ, 45-50 ಕೆಜಿ ದಾಟಿದ್ದರೆ, ಕಡ್ಡಿಗಳು ಬಾಗಬಹುದು. ಆಗ ಬೇರೆ ದಾರಿ. ಹದಿವಯಸ್ಸಿನವರಿಗೆ ದೊಡ್ಡವರ ಥರದ ರಾಡ್ ಹಾಕುವಾಗ ಅದನ್ನು ಇಳಿಸುವ ತೂತು ಸೊಂಟದ ಹೊರಪಕ್ಕದಲ್ಲೇ ಇರಬೇಕು. ಒಳಕ್ಕೆ ಸರಿದರೆ ಚೆಂಡಿನ ರಕ್ತನಾಳಕ್ಕೆ ಪೆಟ್ಟಾಗುತ್ತದೆ. ಮಕ್ಕಳ ಕೇಸ್ ನೋಡಿ ಅಭ್ಯಾಸ ಇರುವ ಮೂಳೆ ಡಾಕ್ಟರನ್ನು ಹುಡುಕಲು ಒಂದು ದಿನ ಹೋದರೂ ಪರವಾಗಿಲ್ಲ.

ಆಪರೇಷನ್ ಬೇಡ ಅನ್ನುವವರಿಗೆ

ಪುತ್ತೂರು ಕಟ್ಟಿನ ಬೋರ್ಡು ನಮ್ಮ ಎಲ್ಲ ಊರಲ್ಲೂ ಇದೆ. ಮಣಿಕಟ್ಟು, ಬೆರಳು ಅಂತ ಹೋದವರನ್ನು ನಾನು ಬೈಯಲು ಹೋಗುವುದಿಲ್ಲ. ತೊಡೆ ಮೂಳೆಗೆ ಮಾತ್ರ ಬೇಡವೇ ಬೇಡ. ದೇಹದಲ್ಲೇ ಅತಿ ದೊಡ್ಡ ಸ್ನಾಯುಗಳು ಮುರಿದ ತುಂಡುಗಳನ್ನು ಒಂದರ ಮೇಲೊಂದು ಏರುವ ಹಾಗೆ ಎಳೆಯುತ್ತವೆ. ಬಿದಿರಿನ ದಬ್ಬೆ ಕಟ್ಟಿ ಅದನ್ನು ತಡೆಯಲು ಆಗುವುದಿಲ್ಲ. ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಕಾಲೇ ಹೋಗಬಹುದು. ಇನ್ನೊಂದು ಮಾತು: ಗಾಯ ಹೊರಗೆ ಕಾಣದಿದ್ದರೂ ತೊಡೆಯೊಳಗೆ ಒಂದು, ಒಂದೂವರೆ ಲೀಟರ್ ರಕ್ತ ಸೋರಿರಬಹುದು. ಆ ಸ್ಥಿತಿಯಲ್ಲಿ ಕಾರಿನ ಹಿಂದಿನ ಸೀಟಲ್ಲಿ ಮಡಚಿ ಮಲಗಿಸಿ ಊರೂರು ಸುತ್ತುವುದು ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಮುರಿದ ಕಾಲನ್ನು ಇನ್ನೊಂದು ಕಾಲಿಗೆ ಮೆತ್ತಗೆ ಸೇರಿಸಿ ಕಟ್ಟಿ ಕಾಯಿರಿ.

ತೂಕ ಕಟ್ಟಿ ಎಳೆದು ಮಲಗಿಸುವುದು ಹಳೆಯ ಪದ್ಧತಿ. ಈಗ ಆಪರೇಷನ್ನಿಗೆ ಮೊದಲಿನ ಒಂದೆರಡು ದಿನಕ್ಕೆ ಮಾತ್ರ ಉಳಿದಿದೆ. ಅದರಲ್ಲೇ ವಾಸಿ ಮಾಡಲು ಹೋದರೆ ತಿಂಗಳುಗಟ್ಟಲೆ ಹಾಸಿಗೆ, ಮರದ ತುಂಡಾಗುವ ಮೊಣಕಾಲು.

ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ತಲೆಗೆ, ಎದೆಗೂ ಪೆಟ್ಟಾಗಿದ್ದರೆ, ಮೊದಲು ಹೊರಗಿನಿಂದ ಕಂಬಿಯ ಚೌಕಟ್ಟು ಹಾಕುವುದುಂಟು. "ಇದೇನು, ಕಾಲಿಗೆ ಏಣಿ ಕಟ್ಟಿದ್ದಾರೆ" ಅಂತ ಹೆದರಬೇಡಿ. ಜೀವ ತಹಬಂದಿಗೆ ಬಂದ ಮೇಲೆ ಅದನ್ನು ತೆಗೆದು ರಾಡ್ ಹಾಕುತ್ತಾರೆ.

ಆಸ್ಪತ್ರೆ, ಲೋಹ, ದುಡ್ಡು

ಯಾವ ಆಸ್ಪತ್ರೆ ಅಂತ ಗೊಂದಲ ಇದ್ದರೆ ಲಾಬಿಯ ಎಸಿ ನೋಡಬೇಡಿ. ಚೆನ್ನಾಗಿ ಓಡುವ ಸಿ-ಆರ್ಮ್ ಇದೆಯಾ, ಎಳೆತದ ಟೇಬಲ್ ಇದೆಯಾ, ರಕ್ತ ಹತ್ತಿರದಲ್ಲಿ ಸಿಗುತ್ತದಾ, ಐಸಿಯು ಇದೆಯಾ, ಇಂಥ ಆಪರೇಷನ್ ಅಲ್ಲಿ ದಿನನಿತ್ಯ ಆಗುತ್ತದಾ, ಇಷ್ಟು ಕೇಳಿ. ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಟ್ರಾಮಾ ಆಸ್ಪತ್ರೆ, ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ, ಇಂಥ ಸರ್ಕಾರಿ ಜಾಗಗಳಲ್ಲಿ ಮುರಿದ ಮೂಳೆ ಅಂದರೆ ದಿನದ ಕೆಲಸ. ಕಾಯಬೇಕು, ಬೆಡ್ಡಿಗೆ ಒದ್ದಾಡಬೇಕು. ಆದರೆ ಪಳಗಿದ ಕೈ ಸಿಗುತ್ತದೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೋಣೆ ಚೆನ್ನಾಗಿರುತ್ತದೆ. ಸಿ-ಆರ್ಮ್ ಇಲ್ಲದಿದ್ದರೆ ತೆರೆಯದೆ ರಾಡ್ ಹಾಕುವ ಮಾತು ಅಲ್ಲಿಗೇ ಮುಗಿಯಿತು.

ಸ್ಟೀಲಾ, ಟೈಟಾನಿಯಮ್ಮಾ? ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಬರುವುದು ಇಲ್ಲೇ. ದೊಡ್ಡವರ ರಾಡಿನ ವಿಷಯದಲ್ಲಿ ಎರಡರಲ್ಲೂ ಮೂಳೆ ಚೆನ್ನಾಗೇ ಕೂಡುತ್ತದೆ. ಟೈಟಾನಿಯಂ ಹಗುರ, ಮುಂದೆ ಎಂಆರ್‌ಐ ಮಾಡಿಸಿದರೆ ಚಿತ್ರ ಕಡಿಮೆ ಕೆಡುತ್ತದೆ. ನಿಕಲ್ ಅಲರ್ಜಿ ಇರುವವರಿಗೆ ಅದೇ ಒಳ್ಳೆಯದು. ಆದರೆ ಟೈಟಾನಿಯಂ ಪ್ಲೇಟಿಗೆ ಮೂಳೆ ಹತ್ತಿಕೊಂಡು, ಸ್ಕ್ರೂ ಕಚ್ಚಿಕೊಂಡು, ತೆಗೆಯುವಾಗ ಪ್ರಾಣ ತಿನ್ನುವುದೂ ಉಂಟು. ವಿದೇಶಿ ಕಂಪನಿಯದೇ ಬೇಕು ಅಂತ ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡನ್ನು ಮೂರು ತಿಂಗಳ ಮನೆಖರ್ಚಿಗೆ, ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ. ನನ್ನ ಕಸುಬಿನ ಮಾತು ಅಂತ ತಿಳಿದರೂ ಸರಿ.

ಆಪರೇಷನ್ ಖರ್ಚು, ಇಂಪ್ಲಾಂಟ್ (ಒಳಗೆ ಹಾಕುವ ರಾಡ್, ಪ್ಲೇಟ್, ಸ್ಕ್ರೂ) ಖರ್ಚು, ರೂಮು, ಔಷಧಿ ಬೇರೆ ಬೇರೆಯಾಗಿ ಬರೆದ ಅಂದಾಜು ಪಟ್ಟಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಆಪರೇಷನ್ ಆದ ಮೇಲೆ ಚೀಟಿ ತರುತ್ತೇನೆ ಅಂದರೆ ನಡೆಯುವುದಿಲ್ಲ. ರಸ್ತೆ ಅಪಘಾತವಾದರೆ ಕೇಂದ್ರದ 2025ರ ಕ್ಯಾಶ್‌ಲೆಸ್ ಯೋಜನೆಯಲ್ಲಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಮೊದಲ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ ಇದೆ. ಎಂಎಲ್‌ಸಿ, ಅಂದರೆ ಇದು ಅಪಘಾತದ ಕೇಸ್ ಅನ್ನುವ ಆಸ್ಪತ್ರೆಯ ಕಾನೂನು ದಾಖಲೆ, ಅದನ್ನು ಬರೆಸುವುದನ್ನು ಮರೆಯಬೇಡಿ. ಮುಂದೆ ವಿಮೆಗೂ ಅದೇ ಆಧಾರ.

ಡಿಸ್ಚಾರ್ಜ್ ಕಾಗದದಲ್ಲಿ ಇಂಪ್ಲಾಂಟ್ ಸ್ಟಿಕರ್ ಅಂಟಿಸಿದ್ದಾರಾ ನೋಡಿ. ಕಂಪನಿ, ಅಳತೆ ಎಲ್ಲ ಅದರಲ್ಲಿರುತ್ತದೆ. ಮುಂದೆ ರಾಡ್ ತೆಗೆಸುವಾಗ ಯಾವ ಸ್ಕ್ರೂಡ್ರೈವರ್ ಬೇಕು ಅನ್ನುವುದು ಆ ಸ್ಟಿಕರಿನಿಂದಲೇ ಗೊತ್ತಾಗುವುದು. ತೆಗೆಸಲೇಬೇಕಾ? ದೊಡ್ಡವರಲ್ಲಿ ನೋವಿಲ್ಲದಿದ್ದರೆ ಬೇಡ. ತೆಗೆಸುವುದಾದರೂ ಒಂದೂವರೆ, ಎರಡು ವರ್ಷ ಕಳೆದ ಮೇಲೆ.

ಬೇಗ ಗಮನಿಸಬೇಕಾದವು

ಮುರಿದ ಮೊದಲ ಮೂರು ದಿನದಲ್ಲಿ ಉಸಿರಾಟ ಜೋರಾದರೆ, ಮಾತು ಅಡ್ಡಾದಿಡ್ಡಿಯಾದರೆ, ಎದೆಯ ಮೇಲೆ ಚಿಕ್ಕ ಕೆಂಪು ಚುಕ್ಕಿ ಕಂಡರೆ, ಮೂಳೆಯ ಕೊಬ್ಬು ರಕ್ತಕ್ಕೆ ಸೇರಿರಬಹುದು. ತಕ್ಷಣ ನರ್ಸನ್ನು ಕರೆಯಿರಿ. ಮನೆಗೆ ಹೋದ ಮೇಲೆ ಮೀನಖಂಡ ಊದಿ ನೋವಾದರೆ, ಗಾಯ ಸೋರಿದರೆ, ಚಳಿಜ್ವರ ಬಂದರೆ ಮುಂದಿನ ತಪಾಸಣೆಯ ದಿನ ಕಾಯಬೇಡಿ. ಬೀಡಿ ಸಿಗರೇಟು ಬಿಡಿ. ಅದು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲಿಸುತ್ತದೆ. ಎಲ್ಲ ಸರಿಯಾಗಿ ನಡೆದರೂ ಪೂರ್ತಿ ಕೂಡಲು ಮೂರರಿಂದ ಆರು ತಿಂಗಳು ಬೇಕು.

ಬೆಂಚಿನ ಮೇಲಿನ ಅಣ್ಣನ ಕೈಯಿಂದ ಎಕ್ಸ್‌ರೇ ತೆಗೆದುಕೊಂಡು ಕಿಟಕಿಗೆ ಹಿಡಿದೆ. ಮುರಿತ ನಟ್ಟನಡುವೆ, ಒಂದೇ ಗೆರೆ. ತಮ್ಮನಿಗೆ 34, ಗಾರೆ ಕೆಲಸ. ಆಸ್ಪತ್ರೆಯಲ್ಲಿ ಸಿ-ಆರ್ಮ್ ಇದೆ, ಕಾರ್ಡ್ ಬಿಪಿಎಲ್. "ಡಾಕ್ಟ್ರು ಹೇಳಿದ್ದೇ ಸರಿ. ತಿರುವು ನೋಡ್ತೀರಾ, ಎಂದಿಗೆ ಕಾಲೂರಬಹುದು, ಇವೆರಡು ಕೇಳಿ ಸಹಿ ಹಾಕಿ" ಅಂದೆ.

"ಮತ್ತೆ ಭಾವನಿಗೆ ಏನು ಹೇಳಲಿ ಮೇಡಂ?"

"ಬರ್ತಾ ಒಂದು ವಾಕರ್ ತರೋಕೆ ಹೇಳಿ. ನಿಂತು ಕೈ ಇಳಿಬಿಟ್ಟರೆ ಹಿಡಿ ಮಣಿಕಟ್ಟಿನ ಸಮಕ್ಕೆ ಬರಬೇಕು, ಎತ್ತರ ನೋಡಿ ತರಲಿ."